ಚಿತ್ರ ಬರೆದು ಭಾಗಗಳನ್ನು ಗುರುತಿಸಿ

ಹತ್ತನೇ ಕ್ಲಾಸಿನ ವಿಜ್ಞಾನದ ಪ್ರಶ್ನೆಪತ್ರಿಕೆ ನೆನಪಿದೆಯಾ? ಕೊನೆಯ ಪುಟದಲ್ಲಿ ಒಂದು ಪ್ರಶ್ನೆ ತಪ್ಪದೇ ಕಾದು ಕೂತಿರುತ್ತಿತ್ತು. "ಮಾನವನ ಹೃದಯದ ಅಂದವಾದ ಚಿತ್ರ ಬರೆದು ಭಾಗಗಳನ್ನು ಗುರುತಿಸಿ." ಈ ಅಂದವಾದ ಅನ್ನೋ ಪದ ನೋಡಿದಾಗಲೆಲ್ಲ ನನ್ನ ಹೃದಯವೇ ಕುಸಿದುಹೋಗುತ್ತಿತ್ತು. ನಾನು ಬರೆದ ಹೃದಯ ಯಾವಾಗಲೂ ಗುಂಡು ಬದನೆಕಾಯಿಯ ಹಾಗೆ ಬರುತ್ತಿತ್ತು. ಆದರೆ ಭಾಗಗಳನ್ನು ಮಾತ್ರ ಚೆನ್ನಾಗಿ ಗುರುತಿಸುತ್ತಿದ್ದೆ. ಸ್ಕೇಲು ಇಟ್ಟು ಬಲಗಡೆಗೆ ಗೆರೆ ಎಳೆದು, ಒಂದರ ಕೆಳಗೆ ಒಂದು ಹೆಸರು. ನಮ್ಮ ಮೇಷ್ಟ್ರು ಹೇಳುತ್ತಿದ್ದರು, "ಚಿತ್ರ ಹಾಳಾಗಿ ಹೋಗಲಿ, ಹೆಸರಾದರೂ ಸರಿಯಾಗಿ ಬರಿ, ಅರ್ಧ ಮಾರ್ಕು ಸಿಗುತ್ತೆ."

ಇಷ್ಟು ವರ್ಷ ಆದಮೇಲೆ ಇದೆಲ್ಲ ನೆನಪಾಗಲು ಕಾರಣ ನನ್ನ ತಂಗಿ. ಎಂಬಿಬಿಎಸ್ ಮೊದಲನೇ ವರ್ಷ. ಅವಳ ಜೊತೆ ಅವೆನ್ಯೂ ರೋಡಿಗೆ ಹಳೇ ಪುಸ್ತಕ ಹುಡುಕಲು ಹೋಗಿದ್ದೆ. ಅಲ್ಲಿ ಬೆನ್ನು ಕಿತ್ತುಹೋದ, ಕಲ್ಲಿನಷ್ಟು ಭಾರದ ಒಂದು ಗ್ರೇಸ್ ಅನಾಟಮಿ ಸಿಕ್ಕಿತು. ಹಳೇ ಆವೃತ್ತಿಯೊಂದರ ಮರುಮುದ್ರಣ. "ಇದು ನಮಗೆ ಉಪಯೋಗಕ್ಕೆ ಬರಲ್ಲ ಕಣೋ, ನಾವು ಓದೋದು ಬೇರೆ ಪುಸ್ತಕ" ಅಂದಳು. ನಾನೇ ಚೌಕಾಸಿ ಮಾಡಿ ಕೊಂಡೆ. ಮನೆಗೆ ಬಂದು ಪುಟ ತಿರುವಿದರೆ, ಓದಲು ಒಂದು ಸಾಲೂ ತಲೆಗೆ ಹೋಗಲಿಲ್ಲ, ಆದರೆ ಚಿತ್ರಗಳಿಂದ ಕಣ್ಣು ಕೀಳಲಾಗಲಿಲ್ಲ. ಒಂದು ತೋಳು. ಚರ್ಮ ಇಲ್ಲ, ಸ್ನಾಯುಗಳ ಎಳೆ ಎಳೆ. ಆ ಸ್ನಾಯುವಿನ ಮೇಲೇ, ಅದು ಹರಿಯುವ ದಿಕ್ಕಿನಲ್ಲೇ, ಅದರ ಹೆಸರು. ರಕ್ತನಾಳ ಬಾಗಿದ ಕಡೆ ಅಕ್ಷರಗಳೂ ಬಾಗಿವೆ. ಸ್ಕೇಲು ಇಲ್ಲ, ಬಲಗಡೆಗೆ ಎಳೆದ ಗೆರೆಗಳ ಸಾಲು ಇಲ್ಲ. ಭಾಗಗಳನ್ನು ಗುರುತಿಸೋದು ಅಂದರೆ ಇದು!

ಯಾರು ಬರೆದಿದ್ದು ಅಂತ ನೋಡಿದೆ. ಗ್ರೇ ಇರಬೇಕು ಅಂದುಕೊಂಡೆ. ಅಲ್ಲ. ಹೆನ್ರಿ ಗ್ರೇ ಬರೆದಿದ್ದು ಮಾತುಗಳನ್ನು ಮಾತ್ರ. ಚಿತ್ರಗಳು ಹೆನ್ರಿ ವ್ಯಾಂಡೈಕ್ ಕಾರ್ಟರ್ ಎಂಬ ಇನ್ನೊಬ್ಬನವು. ಆ ಶನಿವಾರ ಭಾನುವಾರ ಎರಡೂ ಕಾರ್ಟರ್ ಹಿಂದೆಯೇ ಹೋದವು. ಸಿಕ್ಕಿದ್ದನ್ನು ನಿಮ್ಮ ಮುಂದೆ ಇಡುತ್ತಿದ್ದೇನೆ.

ಕಾರ್ಟರ್ ಹುಟ್ಟಿದ್ದು 1831ರಲ್ಲಿ, ಇಂಗ್ಲೆಂಡಿನ ಹಲ್ ಎಂಬ ಬಂದರು ಊರಿನಲ್ಲಿ. ಅಪ್ಪ ಹೆನ್ರಿ ಬಾರ್ಲೋ ಕಾರ್ಟರ್ ಸ್ಕಾರ್ಬರೋ ಕಡಲತೀರದಲ್ಲಿ ಹೆಸರಾಗಿದ್ದ ಜಲವರ್ಣ ಕಲಾವಿದ, ಡ್ರಾಯಿಂಗ್ ಮೇಷ್ಟ್ರು. ಬಿರುಗಾಳಿಗೆ ಸಿಕ್ಕ ಹಡಗು, ಬಂಡೆಗೆ ಬಡಿಯುವ ಅಲೆ, ಇವೇ ಆತನ ಚಿತ್ರಗಳು. ತಮ್ಮನೂ ಚಿತ್ರಕಾರನೇ. ಮಗನಿಗೆ ವ್ಯಾಂಡೈಕ್ ಅಂತ ಹದಿನೇಳನೇ ಶತಮಾನದ ಮಹಾ ಚಿತ್ರಕಾರನ ಹೆಸರಿಟ್ಟ ಮೇಲೆ ಅಪ್ಪನ ಆಸೆ ಏನಿತ್ತು ಅಂತ ಬೇರೆ ಹೇಳಬೇಕಾಗಿಲ್ಲ. ಮಗ ಮಾತ್ರ ಡಾಕ್ಟರಾಗಲು ಹೊರಟ. (ನಮ್ಮಲ್ಲಿ ಇದು ತಿರುಗಾ ಮುರುಗಾ. ಮಗ ಚಿತ್ರ ಬರೀತೀನಿ ಅಂದರೆ ಮನೆಯವರು ಸಿಇಟಿ ಫಾರಂ ತುಂಬಿಸುತ್ತಾರೆ. ನನ್ನದೂ ಅದೇ ಕಥೆ ಅಂತ ಹೇಳಿಕೊಳ್ಳೋಣ ಅಂದರೆ ಬದನೆಕಾಯಿ ಹೃದಯ ಅಡ್ಡ ಬರುತ್ತೆ.)

1848ರಲ್ಲಿ ಲಂಡನ್ನಿಗೆ ಬಂದು ಸೇಂಟ್ ಜಾರ್ಜ್ ಆಸ್ಪತ್ರೆಯಲ್ಲಿ ವೈದ್ಯ ವಿದ್ಯಾರ್ಥಿಯಾದ. 1853ರಿಂದ ಎರಡು ವರ್ಷ ರಾಯಲ್ ಕಾಲೇಜ್ ಆಫ್ ಸರ್ಜನ್ಸ್‌ನಲ್ಲಿ ಅನಾಟಮಿಯ ವಿಶೇಷ ವಿದ್ಯಾರ್ಥಿ. ಅಲ್ಲಿ ರಿಚರ್ಡ್ ಓವೆನ್ ಇದ್ದ. ಡೈನೋಸಾರ್ ಅನ್ನೋ ಪದ ಕೊಟ್ಟವನು ಅವನೇ. ಸೂಕ್ಷ್ಮದರ್ಶಕದ ಪಂಡಿತ ಜಾನ್ ಕ್ವೆಕೆಟ್ ಇದ್ದ. ಅಂಥವರ ನಡುವೆ ಕಾರ್ಟರ್ ಕತ್ತರಿಸುತ್ತಿದ್ದ, ನೋಡುತ್ತಿದ್ದ, ಬರೆಯುತ್ತಿದ್ದ. ಆಗ ಮೆಡಿಕಲ್ ಇಲಸ್ಟ್ರೇಶನ್ ಅಂತ ಒಂದು ಕೋರ್ಸು ಇರಲಿಲ್ಲ. ಚಿತ್ರಕಾರ ಇದ್ದರೆ ಅವನಿಗೆ ಅನಾಟಮಿ ಅಷ್ಟಕ್ಕಷ್ಟೇ. ಡಾಕ್ಟರ್ ಇದ್ದರೆ ಅವನಿಗೆ ಗೆರೆ ಬರುತ್ತಿರಲಿಲ್ಲ. ಡಾಕ್ಟರ್ ಬೆರಳಿಟ್ಟು ತೋರಿಸಬೇಕು, ಚಿತ್ರಕಾರ ಬರೆಯಬೇಕು. ಕಾರ್ಟರ್ ಒಬ್ಬನಲ್ಲೇ ಎರಡೂ ಇತ್ತು. ಗೆರೆ ಅಪ್ಪನ ಮನೆಯಿಂದ ಬಂತು, ಅನಾಟಮಿ ಶವದ ಮೇಜಿನಿಂದ.

ಇಲ್ಲಿ ಸ್ವಲ್ಪ ಹಿಂದಿನ ಕಥೆ ಹೇಳಬೇಕು, ಇಲ್ಲದಿದ್ದರೆ ಕಾರ್ಟರ್ ಮಾಡಿದ್ದು ಏನು ಅಂತ ಗೊತ್ತಾಗಲ್ಲ.

ಅನಾಟಮಿ ಚಿತ್ರಗಳ ಇತಿಹಾಸ ಅಂದರೆ ಎಲ್ಲರೂ ಶುರುಮಾಡೋದು ವೆಸಾಲಿಯಸ್‌ನಿಂದ. 1543ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ಆತನ ಪುಸ್ತಕದಲ್ಲಿ ಚರ್ಮ ಸುಲಿದ ಮನುಷ್ಯರು ಇಟಲಿಯ ಬೆಟ್ಟಗುಡ್ಡಗಳ ಮುಂದೆ ಭಂಗಿ ಕೊಟ್ಟು ನಿಂತಿರುತ್ತಾರೆ. ಅಸ್ಥಿಪಂಜರವೊಂದು ಸಮಾಧಿಗೆ ಮೊಣಕೈ ಊರಿ ಯೋಚನೆ ಮಾಡುತ್ತಿದೆ. ಈ ಚಿತ್ರಗಳನ್ನು ಬರೆದವರು ಯಾರು ಅಂತ ವೆಸಾಲಿಯಸ್ ಆ ಪುಸ್ತಕದಲ್ಲಿ ಹೇಳಲೇ ಇಲ್ಲ. ಟಿಶಿಯನ್‌ನ ಕಲಾಶಾಲೆಯವರು ಅಂತ ಕೆಲವರು, ಯಾನ್ ವಾನ್ ಕಾಲ್ಕರ್ ಅಂತ ಕೆಲವರು. ಇವತ್ತಿಗೂ ವಾದ ಮುಗಿದಿಲ್ಲ. 1685ರ ಬಿಡ್ಲೂ ಪುಸ್ತಕದಲ್ಲಿ ಲೈರೆಸ್ ಎಂಬ ಕಲಾವಿದ ಶವವನ್ನು ಇದ್ದ ಹಾಗೇ ಬರೆದ. ಕಟ್ಟಿದ ಹಗ್ಗ, ಚುಚ್ಚಿದ ಪಿನ್ನು, ಬಟ್ಟೆಯ ಮೇಲೆ ಕೂತ ನೊಣ ಕೂಡ. 1747ರಲ್ಲಿ ಆಲ್ಬಿನಸ್ ಪುಸ್ತಕ ಬಂತು, ಚಿತ್ರಗಳು ಯಾನ್ ವಾಂಡೆಲಾರ್‌ನವು. ಅಸ್ಥಿಪಂಜರದ ಹಿಂದೆ ಒಂದು ಘೇಂಡಾಮೃಗ ಹುಲ್ಲು ಮೇಯುತ್ತಿದೆ! ತಮಾಷೆ ಅಲ್ಲ, ನಿಜ. ಅದರ ಹೆಸರು ಕ್ಲಾರಾ, ನಮ್ಮ ದೇಶದ್ದೇ. ಬಂಗಾಳದಿಂದ ಡಚ್ ಹಡಗಿನಲ್ಲಿ 1741ರಲ್ಲಿ ಹಾಲೆಂಡ್ ತಲುಪಿ ಯುರೋಪೆಲ್ಲ ಸುತ್ತಿ ಪ್ರಸಿದ್ಧವಾಗಿತ್ತು.

ಆಲ್ಬಿನಸ್‌ಗೆ ಒಂದು ಸಮಸ್ಯೆ ಇತ್ತು. ಇಷ್ಟು ಚಂದದ ಚಿತ್ರದ ಮೇಲೆ ಎ, ಬಿ, ಸಿ ಅಂತ ಅಕ್ಷರ ಬರೆದರೆ ಚಿತ್ರ ಕೆಡುತ್ತದೆ. ಅದಕ್ಕೆ ಅದೇ ಚಿತ್ರದ ಹೊರಗೆರೆಯನ್ನು ಮಾತ್ರ ಇನ್ನೊಂದು ಹಾಳೆಯಲ್ಲಿ ಅಚ್ಚು ಹಾಕಿಸಿ, ಅಕ್ಷರಗಳನ್ನೆಲ್ಲ ಅದರ ಮೇಲೆ ಹಾಕಿಸಿದ. ಓದುಗ ಮೊದಲು ಚಂದದ ಚಿತ್ರ ನೋಡಬೇಕು, ಆಮೇಲೆ ಹೊರಗೆರೆ ಚಿತ್ರದಲ್ಲಿ ಅಕ್ಷರ ಹುಡುಕಬೇಕು, ಆಮೇಲೆ ವಿವರಣೆಗೆ ಹೋಗಿ ಆ ಅಕ್ಷರ ಅಂದರೆ ಏನು ಅಂತ ಓದಬೇಕು. ನಮ್ಮ ಭಾಷೆಯಲ್ಲಿ ಹೇಳೋದಾದರೆ, ಪ್ರೋಗ್ರಾಮಿನಲ್ಲಿ ವೇರಿಯಬಲ್‌ಗಳಿಗೆಲ್ಲ ಎ, ಬಿ, ಸಿ ಅಂತ ಹೆಸರಿಟ್ಟು, ಅವುಗಳ ಅರ್ಥವನ್ನು ಬೇರೆ ಫೈಲಿನಲ್ಲಿ ಬರೆದಿಟ್ಟ ಹಾಗೆ. ಅಂಥ ಕೋಡನ್ನು ರಾತ್ರಿ ಹನ್ನೊಂದಕ್ಕೆ ಡೀಬಗ್ ಮಾಡಿದವರಿಗೆ ವೈದ್ಯ ವಿದ್ಯಾರ್ಥಿಗಳ ಕಷ್ಟ ಅರ್ಥವಾಗುತ್ತದೆ.

ಈಗ ಗ್ರೇ. ಹೆನ್ರಿ ಗ್ರೇ ಅದೇ ಸೇಂಟ್ ಜಾರ್ಜ್‌ನವನು, ಕಾರ್ಟರ್‌ಗಿಂತ ನಾಲ್ಕು ವರ್ಷ ದೊಡ್ಡವನು. ಭಾರೀ ಬುದ್ಧಿವಂತ, ಅಷ್ಟೇ ಮಹತ್ವಾಕಾಂಕ್ಷಿ. 25ನೇ ವಯಸ್ಸಿಗೇ ರಾಯಲ್ ಸೊಸೈಟಿಯ ಫೆಲೋ. ಗುಲ್ಮದ ಮೇಲೆ, ಅಂದರೆ ಸ್ಪ್ಲೀನ್ ಮೇಲೆ, ಬರೆದ ಪ್ರಬಂಧಕ್ಕೆ 1853ರಲ್ಲಿ ಆಸ್ಟ್ಲಿ ಕೂಪರ್ ಬಹುಮಾನ ಬಂತು. ಅದಕ್ಕೆ ಚಿತ್ರ ಬರೆದುಕೊಟ್ಟವನು ಕಾರ್ಟರ್. 1854ರಲ್ಲಿ ಅದು ಪುಸ್ತಕವಾಗಿ ಬಂದಾಗ ಕಾರ್ಟರ್ ಹೆಸರು ಅದರಲ್ಲಿ ಎಲ್ಲೂ ಇರಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

1855ರ ನವೆಂಬರಿನಲ್ಲಿ ಗ್ರೇ ಇನ್ನೊಂದು ಪ್ರಸ್ತಾಪ ತಂದ. ವಿದ್ಯಾರ್ಥಿಗಳಿಗೆ ಒಂದು ಒಳ್ಳೆಯ ಅನಾಟಮಿ ಪುಸ್ತಕ ಮಾಡೋಣ, ನಾನು ಬರೀತೀನಿ, ನೀನು ಚಿತ್ರ ಮಾಡು. ಗ್ರೇಗೆ ಆಗ 28, ಕಾರ್ಟರ್‌ಗೆ 24. ನಾನೂ ಈಗ ಗ್ರೇ ವಯಸ್ಸಿನವನೇ. ಈ ಲೆಕ್ಕ ಹಾಕಿದಾಗ ಸ್ವಲ್ಪ ಹೊಟ್ಟೆ ಉರೀತು ಅನ್ನೋದನ್ನು ಮುಚ್ಚಿಡಲ್ಲ. ಹದಿನೆಂಟು ತಿಂಗಳ ಆಸುಪಾಸು ಇಬ್ಬರೂ ಕಿನ್ನರ್ಟನ್ ಬೀದಿಯ ಡಿಸೆಕ್ಷನ್ ಕೋಣೆಯಲ್ಲಿ ಕೆಲಸ ಮಾಡಿದರು. ಶವಗಳನ್ನು ಇಬ್ಬರೂ ಸೇರಿ ಕೊಯ್ದರು. ಅದನ್ನು ನೋಡಿ ನೋಡಿ ಕಾರ್ಟರ್ 363 ಚಿತ್ರಗಳನ್ನು ಮುಗಿಸಿದ. ಅಷ್ಟೂ ಸ್ವಂತದ್ದಲ್ಲ, ಕೆಲವು ಹಿಂದಿನ ಪುಸ್ತಕಗಳ ಚಿತ್ರಗಳ ಆಧಾರದಲ್ಲಿ ಬರೆದಿದ್ದು. ಎಲುಬಿನ ಮೇಲೆ ಸ್ನಾಯು ಅಂಟಿಕೊಳ್ಳುವ ಜಾಗವನ್ನು ಗುರುತು ಹಾಕಿ ತೋರಿಸುವ ಪದ್ಧತಿಯೂ ಕಾರ್ಟರ್‌ನ ಶೋಧ ಅಲ್ಲ, ಲೂಥರ್ ಹೋಲ್ಡನ್‌ನ 1855ರ ಎಲುಬಿನ ಪುಸ್ತಕದಲ್ಲಿ ಆಗಲೇ ಇತ್ತು. ಆದರೆ ದೇಹ ಪೂರ್ತಿ, ತಲೆಯಿಂದ ಪಾದದವರೆಗೆ, ಹೆಸರುಗಳನ್ನು ಅಂಗದ ಮೇಲೇ ಕೂರಿಸಿ, ಒಂದೇ ಕೈಯಲ್ಲಿ, ಒಂದೇ ಶೈಲಿಯಲ್ಲಿ ಬಂದ ವಿದ್ಯಾರ್ಥಿ ಪುಸ್ತಕ ಇದು.

ಈ ಚಿತ್ರಗಳು ಕಾಗದದ ಮೇಲೆ ಬರೆದವಲ್ಲ, ಮರದ ಮೇಲೆ! ಬಾಕ್ಸ್‌ವುಡ್ ಅಂತ ಗಟ್ಟಿ ಮರ. ಅದನ್ನು ಉದ್ದಕ್ಕೆ ಸೀಳದೆ ಅಡ್ಡಕ್ಕೆ ಕೊಯ್ದು ನುಣ್ಣಗೆ ಮಾಡಿ ಬ್ಲಾಕು ಮಾಡುತ್ತಿದ್ದರು. ಈ ಮರದ ಕಾಂಡ ಸಣ್ಣದು, ಹಾಗಾಗಿ ದೊಡ್ಡ ಚಿತ್ರಕ್ಕೆ ತುಂಡುಗಳನ್ನು ಜೋಡಿಸಬೇಕು. ಆ ಬ್ಲಾಕಿನ ಮೇಲೆ ಕಾರ್ಟರ್ ನೇರವಾಗಿ ಪೆನ್ಸಿಲ್ಲಿನಲ್ಲಿ ಬರೆಯುತ್ತಿದ್ದ. ಆಮೇಲೆ ಬಟರ್‌ವರ್ತ್ ಅಂಡ್ ಹೀತ್ ಎಂಬ ಕೆತ್ತನೆಗಾರರು ಗೆರೆಗಳನ್ನು ಉಳಿಸಿ, ಗೆರೆಗಳ ನಡುವಿನ ಮರವನ್ನು ಕೆತ್ತಿ ತೆಗೆಯುತ್ತಿದ್ದರು. ಉಬ್ಬಿ ನಿಂತ ಗೆರೆಗೆ ಮಸಿ. ಕಾರ್ಟರ್ ಪೆನ್ಸಿಲ್ಲಿನಲ್ಲಿ ಬರೆದ ಮೂಲ ಚಿತ್ರ ಕೆತ್ತನೆಯಲ್ಲೇ ಮಾಯ. ಅಂಡೂ ಬಟನ್ ಇಲ್ಲ, ಬ್ಯಾಕಪ್ ಇಲ್ಲ.

ಇದರಲ್ಲಿ ಇನ್ನೊಂದು ಮಜಾ ಇದೆ. ಬ್ಲಾಕು ಅಂದರೆ ರಬ್ಬರ್ ಸ್ಟಾಂಪಿನ ಹಾಗೆ. ಮರದ ಮೇಲೆ ಬಲಗಡೆ ಇದ್ದದ್ದು ಕಾಗದದ ಮೇಲೆ ಎಡಗಡೆ ಬರುತ್ತದೆ. ಹಾಗಾಗಿ ಬ್ಲಾಕಿನ ಮೇಲೆ ಎಲ್ಲವೂ ಕನ್ನಡಿಯಲ್ಲಿ ಕಂಡ ಹಾಗೆ ಇರಬೇಕು. ಎದುರಿಗೆ ಎಡಗೈ ಮಲಗಿದ್ದರೆ ಮರದ ಮೇಲೆ ಬಲಗೈ ಬರೆಯಬೇಕು, ಅಕ್ಷರಗಳೂ ಉಲ್ಟಾ. ಅನಾಟಮಿಯಲ್ಲಿ ಎಡ ಬಲ ಅದಲುಬದಲಾದರೆ ಗತಿಯೇನು? ಸರ್ಜನ್ ಕತ್ತಿ ಎಲ್ಲಿಗೆ ಹೋಗುತ್ತದೆ?

ಮರದ ಬ್ಲಾಕೇ ಯಾಕೆ ಅಂದರೆ, ಅದೂ ಸೀಸದ ಅಚ್ಚುಮೊಳೆಗಳ ಹಾಗೆ ಉಬ್ಬಚ್ಚು. ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಕೂರಿಸಿ ಒಂದೇ ಸಲ ಮುದ್ರಿಸಬಹುದು. ತಾಮ್ರದ ಹಾಳೆ, ಕಲ್ಲಚ್ಚು ಆದರೆ ಬೇರೆ ಯಂತ್ರ, ಬೇರೆ ಹಾಳೆ, ಹೆಚ್ಚು ಖರ್ಚು. ಗ್ರೇ ಪುಸ್ತಕದಲ್ಲಿ ತೋಳಿನ ವಿಷಯ ಓದುತ್ತಿದ್ದರೆ ಅದೇ ಪುಟದಲ್ಲಿ ತೋಳಿನ ಚಿತ್ರ ಇದೆ. ಒಂದು ಕೈಯಲ್ಲಿ ಕತ್ತಿ ಹಿಡಿದು ನಿಂತ ಹುಡುಗ ಇನ್ನೊಂದು ಕೈಯಲ್ಲಿ ಪುಟ ಹುಡುಕಬೇಕಾಗಿಲ್ಲ.

ನಡುವೆ ಒಂದು ಎಡವಟ್ಟೂ ಆಯಿತು. ಬ್ಲಾಕುಗಳು ತಯಾರಾಗಿ ಬಂದಾಗ ನೋಡಿದರೆ ಹಲವು ಚಿತ್ರಗಳು ಅಂದುಕೊಂಡಿದ್ದ ಪುಟಕ್ಕಿಂತ ದೊಡ್ಡದಾಗಿಬಿಟ್ಟಿವೆ! ಮತ್ತೆ ಮಾಡಿಸುವಷ್ಟು ಹಣವೂ ಇಲ್ಲ, ಸಮಯವೂ ಇಲ್ಲ. ಪ್ರಕಾಶಕ ಜಾನ್ ಪಾರ್ಕರ್ ಕಡೆಯವರು ಅಂಚಿನ ಖಾಲಿ ಜಾಗವನ್ನೂ ಬಳಸಿಕೊಂಡು ಹೇಗೋ ತುರುಕಿದರು. ಪುಟದ ತುಂಬಾ ಚಿತ್ರ, ಆ ಕಾಲದ ವಿದ್ಯಾರ್ಥಿ ಪುಸ್ತಕಗಳಲ್ಲಿ ಕಾಣದಷ್ಟು ದೊಡ್ಡದು. ಓದುವವರಿಗೆ ಅದೇ ಇಷ್ಟವಾಯಿತು. ಬಗ್ ಅಲ್ಲ ಫೀಚರ್ ಅಂತ ನಾವು ಕಸ್ಟಮರ್‌ಗೆ ಹೇಳುತ್ತೇವಲ್ಲ, ಪಾರ್ಕರ್ ಕಂಪನಿಯಲ್ಲಿ ಅದು ನಿಜವಾಗಿಯೂ ಹಾಗೇ ಆಯಿತು :-)

ಇಷ್ಟೆಲ್ಲ ಓದಿದ ಮೇಲೆ ನನಗೂ ಕೈ ಕೆರೆಯಿತು. ಒಂದು ಚಿತ್ರ ನಕಲು ಮಾಡಿ ನೋಡೋಣ ಅಂತ ಹೆಗಲ ಹಿಂದಿನ ಹಲಗೆ ಮೂಳೆಯ ಚಿತ್ರ ತೆಗೆದುಕೊಂಡೆ. ತ್ರಿಕೋನದ ಹಾಗಿದೆ, ಸುಲಭ ಅಂದುಕೊಂಡಿದ್ದೆ. ನಾಲ್ಕು ಗಂಟೆ ಹಿಡಿಯಿತು. ಮೊದಲನೇ ಗಂಟೆ ಹೊರಗೆರೆ. ಬಂತು ಪರವಾಗಿಲ್ಲ. ಆಮೇಲೆ ನೆರಳು. ನಾನು ಬೆರಳಿನಲ್ಲಿ ಪೆನ್ಸಿಲ್ ಪುಡಿ ಉಜ್ಜಲು ಹೋದೆ, ಮೂಳೆ ಹೋಗಿ ಮೋಡ ಆಯಿತು. ಮತ್ತೆ ಕಾರ್ಟರ್ ಚಿತ್ರವನ್ನು ಕಣ್ಣಿಗೆ ಹತ್ತಿರ ಹಿಡಿದು ನೋಡಿದಾಗ ಗೊತ್ತಾಗಿದ್ದು, ಅಲ್ಲಿ ನೆರಳು ಅನ್ನೋದೇ ಇಲ್ಲ, ಬರೀ ಗೆರೆ. ಮೂಳೆ ತಗ್ಗಾದ ಕಡೆ ಗೆರೆಯೂ ತಗ್ಗಿಗೆ ಇಳಿಯುತ್ತದೆ, ಏಣು ಬಂದ ಕಡೆ ಗೆರೆ ಹತ್ತಿ ಇಳಿಯುತ್ತದೆ. ಮೂಳೆಯ ಮೇಲೆ ಇರುವೆ ನಡೆದುಹೋದ ಹಾಗೆ. ಸ್ನಾಯು ಆದರೆ ಗೆರೆ ಅದರ ಎಳೆಯ ದಿಕ್ಕಿನಲ್ಲೇ ಹೋಗಬೇಕು. ಅಂದರೆ ಒಂದು ಗೆರೆ ಎಳೆಯುವ ಮೊದಲು ಅಲ್ಲಿ ಉಬ್ಬಿದೆಯೋ ತಗ್ಗಿದೆಯೋ, ಎಳೆ ಎಲ್ಲಿಂದ ಎಲ್ಲಿಗೆ ಹೋಗುತ್ತದೆ ಅಂತ ಗೊತ್ತಿರಬೇಕು. ನನಗೆ ಗೊತ್ತಿರಲಿಲ್ಲ. ನಾನು ಗೆರೆ ನಕಲು ಮಾಡುತ್ತಿದ್ದೆ, ಕಾರ್ಟರ್ ಮೂಳೆ ಬರೆದಿದ್ದ.

ಎರಡನೇ ಸಲ ಧೈರ್ಯ ಮಾಡಿ ಕಾರ್ಟರ್ ಹಾಗೇ ಉಲ್ಟಾ ಬರೆಯಲು ಪ್ರಯತ್ನಿಸಿದೆ. ತಂಗಿ ಬಂದು ಎರಡು ಸೆಕೆಂಡು ನೋಡಿದಳು. "ಅಣ್ಣ, ಪುಸ್ತಕದಲ್ಲಿರೋದು ಎಡಗಡೇದು, ನೀನು ಬರ್ದಿರೋದು ಬಲಗಡೇದು ಕಣೋ." ಮೂಳೆ ಅಂತ ಗುರುತು ಸಿಕ್ಕಿತಲ್ಲ, ಅದೂ ಬಲಗಡೇದು ಅಂತ! ಹತ್ತನೇ ಕ್ಲಾಸಿನಲ್ಲಿ ಕಳೆದುಕೊಂಡ ಎರಡು ಮಾರ್ಕು ವಾಪಸು ಬಂದ ಹಾಗಾಯಿತು.

ಕಾರ್ಟರ್ ಕಥೆಗೆ ವಾಪಸು ಬರೋಣ. ಆತ ಡೈರಿ ಬರೆಯುತ್ತಿದ್ದ. ಅದು ಈಗ ಲಂಡನ್ನಿನ ವೆಲ್‌ಕಮ್ ಸಂಗ್ರಹದಲ್ಲಿದೆ. ಗ್ರೇ ಬಿಟ್ಟುಹೋದ ಕಾಗದಪತ್ರಗಳು ತುಂಬಾ ಕಡಿಮೆ, ಹಾಗಾಗಿ ಈ ಪುಸ್ತಕ ಹೇಗೆ ತಯಾರಾಯಿತು ಅಂತ ಹೇಳಲು ಉಳಿದಿರುವ ದೊಡ್ಡ ಆಧಾರ ಈ ಡೈರಿಯೇ. ರೂತ್ ರಿಚರ್ಡ್‌ಸನ್ ಎಂಬ ಇತಿಹಾಸಕಾರ್ತಿ 2008ರಲ್ಲಿ ಈ ಪುಸ್ತಕ ಹುಟ್ಟಿದ ಕಥೆಯನ್ನೇ ಒಂದು ಪುಸ್ತಕ ಮಾಡಿದರು. ಅದಕ್ಕೆ ಒಂದು ವರ್ಷ ಮೊದಲು ಬಿಲ್ ಹೇಯ್ಸ್ ಎಂಬ ಅಮೆರಿಕನ್ ಲೇಖಕ ಇನ್ನೊಂದು ಬರೆದಿದ್ದರು. ನೂರೈವತ್ತು ವರ್ಷ ಮೂಲೆಯಲ್ಲಿದ್ದ ಕಾರ್ಟರ್ ಮತ್ತೆ ಬೆಳಕಿಗೆ ಬಂದಿದ್ದು ಹೆಚ್ಚಾಗಿ ಇವರಿಬ್ಬರಿಂದ. ಡೈರಿಯ ಕಾರ್ಟರ್ ದೈವಭಕ್ತ, ತನ್ನ ಮೇಲೇ ಸದಾ ಅನುಮಾನ ಪಡುವ ಹುಡುಗ. ದೊಡ್ಡ ಕೆಲಸ ಮಾಡುತ್ತಿದ್ದೇನೆ ಅನ್ನೋ ಹಮ್ಮು ಅದರಲ್ಲಿ ಕಾಣುವುದಿಲ್ಲ.

ದುಡ್ಡಿನ ಲೆಕ್ಕ ಹೀಗಿತ್ತು. ಕಾರ್ಟರ್‌ಗೆ ಒಟ್ಟು 150 ಪೌಂಡ್, ಒಂದೇ ಸಲಕ್ಕೆ ಮುಗಿಯಿತು. ಗ್ರೇಗೆ ಮಾರಾಟವಾದ ಪ್ರತಿ ಸಾವಿರ ಪ್ರತಿಗೆ 150 ಪೌಂಡ್. ಪುಸ್ತಕ ಎಷ್ಟು ಮರುಮುದ್ರಣ ಕಂಡರೂ ಕಾರ್ಟರ್‌ಗೆ ಮತ್ತೆ ಬಿಡಿಗಾಸಿಲ್ಲ.

1858ರ ಮೊದಲ ತಿಂಗಳುಗಳಲ್ಲಿ ಕಾರ್ಟರ್ ಇಂಡಿಯನ್ ಮೆಡಿಕಲ್ ಸರ್ವಿಸ್ ಸೇರಿ ಮುಂಬಯಿಗೆ ಬಂದ. ಪುಸ್ತಕ ಹೊರಬಂದಿದ್ದು ಅದೇ ವರ್ಷ ಆಗಸ್ಟಿನಲ್ಲಿ. ಅಷ್ಟರಲ್ಲಿ ಕಾರ್ಟರ್‌ಗೆ ಬೈಕಲಾದ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಅನಾಟಮಿ ಪ್ರೊಫೆಸರ್ ಕೆಲಸ ಸಿಕ್ಕಿತ್ತು. ಮುಖಪುಟದ ಕರಡಿನಲ್ಲಿ ಇಬ್ಬರ ಹೆಸರೂ ಇತ್ತು, ಕಾರ್ಟರ್ ಹೆಸರಿನ ಕೆಳಗೆ ಈ ಹೊಸ ಹುದ್ದೆಯೂ ಇತ್ತು. ಆ ಕರಡು ಹಾಳೆ ಉಳಿದುಬಂದಿದೆ. ಗ್ರೇ ಪೆನ್ನು ತೆಗೆದುಕೊಂಡು ಕಾರ್ಟರ್‌ನ ಪ್ರೊಫೆಸರ್ ಪದವಿಯನ್ನು ಹೊಡೆದುಹಾಕಿದ್ದಾನೆ. ಹೆಸರಿನ ಅಕ್ಷರಗಳನ್ನೂ ಸಣ್ಣದು ಮಾಡಲು ಗುರುತು ಹಾಕಿದ್ದಾನೆ. ಅಚ್ಚಾದ ಪುಸ್ತಕದಲ್ಲಿ ಕಾರ್ಟರ್ ಸೇಂಟ್ ಜಾರ್ಜ್‌ನ ಹಳೇ ಡೆಮಾನ್‌ಸ್ಟ್ರೇಟರ್ ಮಾತ್ರ. ಡಿಸೆಕ್ಷನ್ ಇಬ್ಬರೂ ಸೇರಿ ಮಾಡಿದ್ದು ಅನ್ನೋ ಒಂದು ಸಾಲು ಮಾತ್ರ ಉಳಿಯಿತು. ಮುನ್ನುಡಿಯಲ್ಲಿ ಕೃತಜ್ಞತೆಯೂ ಇದೆ, ಇಲ್ಲ ಅಂತಲ್ಲ.

ಗ್ರೇ ಅಲ್ಲಿ ಉಪನ್ಯಾಸಕನಾಗಿದ್ದ, ಕಾರ್ಟರ್ ಇಲ್ಲಿ ಪ್ರೊಫೆಸರ್. ಸಹಾಯಕನ ಪದವಿ ಲೇಖಕನಿಗಿಂತ ದೊಡ್ಡದಾಗಿ ಕಂಡರೆ? ಅದೇ ಕಾರಣ ಇರಬೇಕು ಅಂತ ನನ್ನ ಊಹೆ. ಗ್ರೇಯನ್ನು ಖಳನಾಯಕ ಮಾಡಲು ನನಗೆ ಮನಸ್ಸಿಲ್ಲ. ಬರವಣಿಗೆ ಅವನದು, ಯೋಜನೆ ಅವನದು, ಪ್ರಕಾಶಕನನ್ನು ಒಪ್ಪಿಸಿದ್ದೂ ಅವನೇ. ಆದರೆ ಪೆನ್ನಿನ ಒಂದು ಗೆರೆ ಎಳೆಯಲು ಎಷ್ಟು ಹೊತ್ತು ಬೇಕು? ದೇಹದ ಪ್ರತಿಯೊಂದು ನರಕ್ಕೂ ನಾಳಕ್ಕೂ ಹೆಸರು ಬರೆದುಕೊಟ್ಟವನಿಗೆ ತನ್ನ ಹೆಸರಿಗೆ ಅಷ್ಟು ಜಾಗ ಸಿಗಲಿಲ್ಲ.

ಇಷ್ಟು ಕೋಪ ಯಾಕೆ ಅಂದರೆ ಒಂದು ಸ್ವಂತ ಗಾಯ ಇದೆ. ನಾನು ಹಿಂದೆ ಇದ್ದ ಕಂಪನಿಯಲ್ಲಿ ಒಂದು ಪ್ರಾಜೆಕ್ಟಿಗೆ ಏಳು ತಿಂಗಳು ಕೂತು ಡಿಸೈನ್ ಡಾಕ್ಯುಮೆಂಟ್ ಮಾಡಿದ್ದೆ. ನಲವತ್ತಕ್ಕೂ ಹೆಚ್ಚು ಡಯಾಗ್ರಾಂ, ಎಲ್ಲ ನನ್ನ ಕೈಯವು. (ಬಾಕ್ಸು, ಬಾಣ. ಅದಾದರೆ ನನಗೆ ಅಂದವಾಗಿ ಬರುತ್ತೆ.) ಕಸ್ಟಮರ್‌ಗೆ ಹೋದ ಪ್ರತಿಯಲ್ಲಿ ಮೊದಲ ಪುಟದಲ್ಲಿ ಬೇರೆಯವರ ಹೆಸರು. ಕೇಳಿದ್ದಕ್ಕೆ "ಫಾರ್ಮ್ಯಾಟ್ ಪ್ರಕಾರ ಒಂದೇ ಹೆಸರಿಗೆ ಜಾಗ" ಅಂದರು. ನಾನೂ ಸುಮ್ಮನಾದೆ. ಬ್ಲಾಗ್ ಬರೆಯುವವರಿಗೆ ಇದನ್ನು ವಿವರಿಸಬೇಕಾಗಿಲ್ಲ ಅನ್ನಿ. ನಾವು ಬರೆದದ್ದೇ ಹೆಸರು ಕಳೆದುಕೊಂಡು ವಾಟ್ಸಾಪಿನಲ್ಲಿ ಸುತ್ತಿ ಕೊನೆಗೆ ನಮ್ಮ ಚಿಕ್ಕಪ್ಪನಿಂದಲೇ ನಮಗೆ ಫಾರ್ವರ್ಡ್ ಆಗುತ್ತದೆ.

1860ರಲ್ಲಿ ಸೇಂಟ್ ಜಾರ್ಜ್‌ನ ಡಿಸೆಕ್ಷನ್ ಕೋಣೆಯಲ್ಲಿ ತೆಗೆದ ಒಂದು ಫೋಟೋ ಇದೆ. ವಿದ್ಯಾರ್ಥಿಗಳ ಗುಂಪು, ಮುಂದೆ ಶವದ ಪಾದಗಳ ಹತ್ತಿರ ಗ್ರೇ ಕೂತಿದ್ದಾನೆ. ಕಾರ್ಟರ್ ಇಲ್ಲ, ಮುಂಬಯಿಯಲ್ಲಿದ್ದಾನೆ. ಮಾರನೇ ವರ್ಷ ಗ್ರೇಯೂ ಇಲ್ಲ. ಸಿಡುಬು ಬಂದ ಅಣ್ಣನ ಮಗನ ಆರೈಕೆ ಮಾಡಲು ಹೋಗಿ ತಾನೇ ಸಿಡುಬಿಗೆ ತುತ್ತಾದ. 34 ವರ್ಷ.

ಕಾರ್ಟರ್ ಮುಂದೆ 30 ವರ್ಷ ನಮ್ಮ ಕಡೆಯಲ್ಲೇ ಇದ್ದ. ಮುಂಬಯಿ, ಆಮೇಲೆ ಸಾತಾರಾದಲ್ಲಿ ಸಿವಿಲ್ ಸರ್ಜನ್. ನಡುವೆ ಒಂದು ಮದುವೆ, ಅದು ದುಃಖದ ಕಥೆ, ಇಲ್ಲಿ ಬೇಡ. ಲಂಡನ್ನಿನಲ್ಲಿ ಕಲಿತ ಗೆರೆಯನ್ನು ಮಾತ್ರ ಬಿಡಲಿಲ್ಲ. ಬರಿಗಾಲಲ್ಲಿ ಹೊಲದಲ್ಲಿ ದುಡಿಯುವವರಿಗೆ ಮುಳ್ಳು ಚುಚ್ಚಿದ ಜಾಗದಲ್ಲಿ ಪಾದ ಊದಿ, ರಂಧ್ರ ಬಿದ್ದು, ಸೋರುವ ಒಂದು ರೋಗ ಇತ್ತು. ಮಧುರೆಯ ಕಡೆ ಮೊದಲು ಗುರುತಿಸಿದ್ದರಿಂದ ಮದುರಾ ಪಾದ ಅಂತ ಹೆಸರು. ಸೂಕ್ಷ್ಮದರ್ಶಕದಲ್ಲಿ ನೋಡಿ ಇದು ಶಿಲೀಂಧ್ರದ ಕೆಲಸ ಅಂತ ಹೇಳಿ ಮೈಸಿಟೋಮಾ ಅನ್ನೋ ಹೆಸರು ಕೊಟ್ಟವನು ಕಾರ್ಟರ್. 1874ರಲ್ಲಿ ಬಂದ ಆ ಪುಸ್ತಕದ ಬಣ್ಣದ ಚಿತ್ರಗಳೂ ಆತನವೇ. ಕುಷ್ಠರೋಗದ ಅಧ್ಯಯನಕ್ಕೆ ನಾರ್ವೆಗೆ ಹೋಗಿ, ರೋಗಾಣು ಕಂಡ ಹ್ಯಾನ್ಸನ್‌ನ ಕೆಲಸವನ್ನು ಕಣ್ಣಾರೆ ನೋಡಿ ಬಂದ.

ಆಮೇಲೆ ಬಂತು 1876ರ ಬರ. ನಮ್ಮ ಅಜ್ಜಿಯರ ಬಾಯಲ್ಲಿ ಧಾತು ಈಶ್ವರ ಬರ ಅಂತ ಉಳಿದಿದೆಯಲ್ಲ, ಅದೇ. ಆಗ ಮುಂಬಯಿ ಪ್ರಾಂತ್ಯದಲ್ಲಿದ್ದ ಕಲಾದಗಿ, ಬೆಳಗಾವಿ, ಧಾರವಾಡ ಜಿಲ್ಲೆಗಳಿಗೂ ಅದು ಬಡಿಯಿತು. ದಖನ್ನಿನಿಂದ ಹೊಟ್ಟೆಪಾಡಿಗೆ ಮುಂಬಯಿ ಸೇರಿದ ಜನರಲ್ಲಿ 1877ರಲ್ಲಿ ಒಂದು ಜ್ವರ ಹಬ್ಬಿತು. ಬಂದು, ಬಿಟ್ಟು, ಮತ್ತೆ ಬರುವ ಜ್ವರ. ಆ ರೋಗಿಗಳ ರಕ್ತದಲ್ಲಿ ಸುರುಳಿಯಾಕಾರದ ಜೀವಿಯನ್ನು ಕಾರ್ಟರ್ ಕಂಡ. ಬರ್ಲಿನ್ನಿನಲ್ಲಿ ಓಬರ್‌ಮೈಯರ್ ಅದನ್ನು ಮೊದಲೇ ಕಂಡಿದ್ದ. ಇಲ್ಲಿಯ ಜ್ವರವೂ ಅದೇ ಅಂತ ತೋರಿಸಿ, ಮಂಗಗಳಿಗೆ ಅಂಟಿಸಿ ಪರೀಕ್ಷಿಸಿ, 1882ರಲ್ಲಿ ಅದರ ಮೇಲೆ ದೊಡ್ಡ ಪುಸ್ತಕ ಬರೆದವನು ಕಾರ್ಟರ್. ಆ ಸಾಲು ಹಾಸಿಗೆಗಳಲ್ಲಿ ಕನ್ನಡ ಮಾತಾಡುವವರೂ ಇದ್ದರೋ ಏನೋ. ಕಲಾದಗಿಯಿಂದ ಹೊರಟವರಲ್ಲಿ ಯಾರು ಎಲ್ಲಿ ತಲುಪಿದರು ಅಂತ ಯಾರು ಬರೆದಿಟ್ಟಿದ್ದಾರೆ?

1888ರಲ್ಲಿ ನಿವೃತ್ತನಾಗಿ ಸ್ಕಾರ್ಬರೋಗೆ ವಾಪಸಾದ. 1897ರಲ್ಲಿ ಕ್ಷಯದಿಂದ ತೀರಿಕೊಂಡ. ಅಷ್ಟು ಹೊತ್ತಿಗೆ ಅಟ್ಲಾಂಟಿಕ್‌ನ ಆಚೆ ಇನ್ನೊಬ್ಬ ಬಂದಿದ್ದ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ಚಿತ್ರಕಲೆ ಕಲಿತ ಮ್ಯಾಕ್ಸ್ ಬ್ರೋಡೆಲ್, 1894ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸೇರಿದ. ಈತನದು ಕಾರ್ಟರ್‌ನ ವಿರುದ್ಧ ದಾರಿ, ಚಿತ್ರಕಾರನಾಗಿ ಬಂದು ಅನಾಟಮಿ ಕಲಿತವನು. ಮೊದಲು ವಿಷಯ ಪೂರ್ತಿ ಅರ್ಥವಾಗಬೇಕು, ಚಿತ್ರ ಮನಸ್ಸಿನಲ್ಲಿ ತಯಾರಾಗಬೇಕು, ಆಮೇಲೇ ಕೈಗೆ ಪೆನ್ಸಿಲ್ ಅನ್ನೋದು ಆತನ ಪಾಠ. 1911ರಲ್ಲಿ ಅಲ್ಲಿ ವೈದ್ಯಕೀಯ ಚಿತ್ರಕಲೆಗೆಂದೇ ಒಂದು ವಿಭಾಗ ಶುರುವಾಯಿತು, ಬ್ರೋಡೆಲ್ ಅದರ ಮೊದಲ ಮುಖ್ಯಸ್ಥ. ಈ ಕೆಲಸ ಕಲಿಯಬೇಕು ಅನ್ನುವವರಿಗೆ ಅವತ್ತಿನಿಂದ ಒಂದು ಶಾಲೆ ಇದೆ. ಬ್ರೋಡೆಲ್ ಬಗ್ಗೆ ಇನ್ನೊಂದು ದಿನ ಬರೆಯುತ್ತೇನೆ, ಆತನ ಮೂತ್ರಪಿಂಡದ ಚಿತ್ರಗಳ ಕಥೆಯೇ ಒಂದು ಲೇಖನ ಆಗುತ್ತದೆ.

ಒಂದು ವಿಷಯ ಹೇಳದಿದ್ದರೆ ಕಾರ್ಟರ್ ಹೆಸರಿಗಾಗಿ ನಾನು ಇಷ್ಟು ಕೂಗಾಡಿದ್ದಕ್ಕೆ ಅರ್ಥವಿಲ್ಲ. ಆ 363 ಚಿತ್ರಗಳಲ್ಲಿ ಇರುವವರು ಯಾರು? 1832ರಲ್ಲಿ ಬ್ರಿಟನ್ನಿನಲ್ಲಿ ಅನಾಟಮಿ ಕಾಯ್ದೆ ಬಂತು. ಬಡವರ ವರ್ಕ್‌ಹೌಸುಗಳಲ್ಲಿ, ಆಸ್ಪತ್ರೆಗಳಲ್ಲಿ ಸತ್ತು, ಯಾರೂ ಕೇಳಿಕೊಂಡು ಬಾರದ ಶವಗಳನ್ನು ವೈದ್ಯ ಶಾಲೆಗಳಿಗೆ ಕೊಡಬಹುದು ಅಂತ. ಕಿನ್ನರ್ಟನ್ ಬೀದಿಯ ಮೇಜಿಗೆ ಬಂದವರು ಅವರೇ, ಲಂಡನ್ನಿನ ಬಡವರು. ಕಾರ್ಟರ್ ಅವರ ಮುಖಗಳನ್ನು ಬರೆದಿದ್ದಾನೆ. ಕಣ್ಣು ಮುಚ್ಚಿ ಮಲಗಿದ ಹಾಗೆ, ಶಾಂತವಾಗಿ. ನೊಣ ಇಲ್ಲ, ಘೇಂಡಾಮೃಗ ಇಲ್ಲ. ಕುತ್ತಿಗೆಯ ಪ್ರತಿ ಸ್ನಾಯುವಿಗೂ ಹೆಸರಿದೆ, ಕುತ್ತಿಗೆ ಯಾರದು ಅಂತ ಇಲ್ಲ. ಕಾರ್ಟರ್‌ಗೆ ಒಂದು ಸಾಲಾದರೂ ಸಿಕ್ಕಿತು.

ನಮ್ಮಲ್ಲೂ 1957ರ ಅನಾಟಮಿ ಕಾಯ್ದೆ ಇದೆ. ಈಗ ಸ್ವಇಚ್ಛೆಯಿಂದ ದೇಹದಾನ ಮಾಡುವವರೂ ಇದ್ದಾರೆ. ತಂಗಿಯ ಕಾಲೇಜಿನಲ್ಲಿ ಮೊದಲ ದಿನ ಶವದ ಮುಂದೆ ನಿಲ್ಲಿಸಿ ಪ್ರತಿಜ್ಞೆ ಮಾಡಿಸಿದರಂತೆ, ಗೌರವದಿಂದ ನಡೆದುಕೊಳ್ಳುತ್ತೇವೆ ಅಂತ. "ಅವರ ಹೆಸರೇನು ಅಂತ ಗೊತ್ತಾ?" ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ನಾವು ಅಜ್ಜ ಅಂತೀವಿ. ಮೂರನೇ ಟೇಬಲ್ಲಿನ ಅಜ್ಜ."

ನಿನ್ನೆ ರಾತ್ರಿ ಊಟ ಆದಮೇಲೆ ಅವಳು ಊಟದ ಮೇಜಿನ ಮೇಲೆ ರೆಕಾರ್ಡ್ ಪುಸ್ತಕ ಹರಡಿಕೊಂಡು ಕೂತಿದ್ದಳು. ಮುಂಗೈ. ರಕ್ತನಾಳಕ್ಕೆ ಕೆಂಪು, ನೀಲಿ, ನರಕ್ಕೆ ಹಳದಿ ಪೆನ್ಸಿಲ್ಲು. ಬಲಗಡೆ ಸ್ಕೇಲು ಇಟ್ಟು ಗೆರೆ ಎಳೆಯಲು ಹೊರಟಳು. ಹೆಸರನ್ನು ಸ್ನಾಯುವಿನ ಮೇಲೇ ಬರೆದು ನೋಡು ಅಂದೆ. "ಮಾರ್ಕು ಕಟ್ ಮಾಡ್ತಾರೆ, ಸುಮ್ನಿರೋ" ಅಂದಳು.